ಕ್ಯಾವಲಿಯರ್ ಮತ್ತು ಶಿಟ್ಸು: ಗೃಹಸ್ಥರ ಆಯ್ಕೆ

ಬೇಟೆಯಾಡುವುದಕ್ಕಾಗಲಿ ಹಿಂಡು ಕಾಯುವುದಕ್ಕಾಗಲಿ ಅಲ್ಲದೆ, ಮನುಷ್ಯನ ಸನ್ನಿಧಿಯಲ್ಲಿರುವುದನ್ನೇ ಸ್ವಧರ್ಮವಾಗಿ ಪಡೆದು ಬಂದ ನಾಯಿಯ ತಳಿಗಳಲ್ಲಿ, ಇಂಗ್ಲೆಂಡಿನ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಮತ್ತು ಟಿಬೆಟ್ಟಿನ ಮೂಲದಿಂದ ಬಂದು ಚೀನದ ಅರಮನೆಯಲ್ಲಿ ರೂಪುಗೊಂಡ ಶಿಟ್ಸು ಎಂಬಿವೆರಡು ಪ್ರಸಿದ್ಧವಾಗಿವೆ. ಎರಡೂ ಸೌಮ್ಯ ಸ್ವಭಾವದವು, ಮಕ್ಕಳೊಡನೆಯೂ ವೃದ್ಧರೊಡನೆಯೂ ಹೊಂದಿಕೊಳ್ಳುವಂಥವು. ಆದುದರಿಂದ ಇವುಗಳಲ್ಲಿ ಒಂದನ್ನು ಮನೆಗೆ ತರಬಯಸುವವರು ರೂಪವನ್ನು ಮಾತ್ರ ನೋಡಿ ನಿರ್ಧರಿಸುವುದುಂಟು. ವಿವೇಚನೆಗೆ ಮುಖ್ಯವಾದದ್ದು, ಒಂದೊಂದು ತಳಿಯೂ ಸಾಕುವವರ ಮೇಲೆ ಹೊರಿಸುವ ಹೊಣೆ: ಶಿಟ್ಸುವಿನದು ಪ್ರತಿದಿನವೂ ಕಣ್ಣಿಗೆ ಕಾಣುವ ಹೊಣೆ, ಕ್ಯಾವಲಿಯರಿನದು ಬಹುಕಾಲ ಅಗೋಚರವಾಗಿದ್ದು ಅನಂತರ ತಲೆದೋರುವ ಹೊಣೆ.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡನ್ನಾಳಿದ ಎರಡನೆಯ ಚಾರ್ಲ್ಸ್ ದೊರೆಗೆ ಪುಟ್ಟ ಸ್ಪ್ಯಾನಿಯಲ್‌ಗಳಲ್ಲಿ ಅಪಾರವಾದ ಅಕ್ಕರೆಯಿದ್ದಿತು. ಮಂತ್ರಾಲೋಚನೆಯ ವೇಳೆಯಲ್ಲಿಯೂ ಆತನು ನಾಯಿಯೊಡನೆ ಆಡುತ್ತಿದ್ದನೆಂದು ಆ ಕಾಲದ ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚಪ್ಪಟೆ ಮೂತಿಯ ಅಭಿರುಚಿ ಬಲವಾಗಿ, ಹಳೆಯ ನೀಳ ಮೂತಿಯ ರೂಪವು ಬಹುಮಟ್ಟಿಗೆ ಅಳಿದುಹೋಯಿತು. ರಾಸ್‌ವೆಲ್ ಎಲ್‌ಡ್ರಿಜ್ ಎಂಬ ಅಮೆರಿಕನನು 1926ರಲ್ಲಿ, ಚಾರ್ಲ್ಸನ ಕಾಲದ ಚಿತ್ರಗಳಲ್ಲಿರುವಂಥ ನಾಯಿಯನ್ನು ಕ್ರಫ್ಟ್ಸ್ ಪ್ರದರ್ಶನಕ್ಕೆ ತಂದವರಿಗೆ 25 ಪೌಂಡುಗಳ ಬಹುಮಾನವನ್ನು ಘೋಷಿಸಿದ ಮೇಲೆ ಆ ರೂಪದ ಪುನರುದ್ಧಾರವು ಆರಂಭವಾಯಿತು. 1928ರಲ್ಲಿ ತಳಿಯ ಸಂಘ ಸ್ಥಾಪಿತವಾಯಿತು. 1945ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ಬು ಇದನ್ನು ಪ್ರತ್ಯೇಕ ತಳಿಯೆಂದು ಮನ್ನಿಸಿತು. ಬೆರಳೆಣಿಕೆಯ ನಾಯಿಗಳಿಂದ ಒಂದು ತಳಿಯನ್ನು ಮರಳಿ ಕಟ್ಟಿದುದರ ಫಲವು ಅದರ ಆರೋಗ್ಯದ ಮೇಲೆ ಆಗದಿರಲಿಲ್ಲ.

ಶಿಟ್ಸುವಿನ ವೃತ್ತಾಂತವೂ ಇಂಥದೇ. ಚೀನದ ರಾಜಮಾತೆ ಸಿಶಿಯ ಆಶ್ರಯದಲ್ಲಿ ಬೆಳೆದ ಅರಮನೆಯ ನಾಯಿಗಳು 1908ರಲ್ಲಿ ಆಕೆ ತೀರಿಕೊಂಡ ಅನಂತರ ಚದುರಿಹೋದವು. 1930ರಲ್ಲಿ ಬ್ರೌನ್‌ರಿಗ್ ದಂಪತಿಗಳು ಕೆಲವನ್ನು ಇಂಗ್ಲೆಂಡಿಗೆ ಕೊಂಡೊಯ್ದರು. ಮೊದಲು ಲಾಸಾ ಆಪ್ಸೊ ಎಂಬ ತಳಿಯೊಡನೆ ಬೆರೆಸಿ ಎಣಿಸಲ್ಪಟ್ಟ ಶಿಟ್ಸು 1934ರ ಸುಮಾರಿಗೆ ಬೇರೆಯ ತಳಿಯಾಗಿ ನಿಂತಿತು. ಇಂದು ಲೋಕದಲ್ಲಿರುವ ಶಿಟ್ಸುಗಳ ವಂಶವೆಲ್ಲ ಕೇವಲ 14 ನಾಯಿಗಳಿಗೆ ಸಲ್ಲುತ್ತದೆಂದು ತಳಿಯ ಇತಿಹಾಸಕಾರರು ಗಣಿಸಿದ್ದಾರೆ.

ಗಾತ್ರದಲ್ಲಿ ಅಂತರ ಸ್ವಲ್ಪ. ಕ್ಯಾವಲಿಯರ್ ಸುಮಾರು 6ರಿಂದ 8 ಕಿಲೊ ತೂಗಿದರೆ, ಶಿಟ್ಸು 4ರಿಂದ 7 ಕಿಲೊ ತೂಗುವುದು.

ಸ್ವಭಾವದಲ್ಲಿ ಭೇದ ಸ್ಫುಟವಾಗಿದೆ. ಕ್ಯಾವಲಿಯರ್ ಮನೆಯವರ ಬೆನ್ನು ಬಿಡದು. ಅವರು ಅಡುಗೆಮನೆಗೆ ನಡೆದರೆ ಅಲ್ಲಿಗೆ, ಹಜಾರಕ್ಕೆ ಬಂದರೆ ಇಲ್ಲಿಗೆ ತಾನೂ ಬರುವುದು, ಅಪರಿಚಿತನಿಗೂ ಬಾಲವಾಡಿಸುವುದು, ಒಂಟಿಯಾಗಿ ಬಿಟ್ಟರೆ ಸಂಕಟಪಡುವುದು. ಗಂಡ ಹೆಂಡಿರಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಕಚೇರಿಯಲ್ಲಿರುವ ಮನೆಯಲ್ಲಿ ಅದನ್ನು ಸಾಕುವುದು ಅದಕ್ಕೆ ಮಾಡುವ ಅನ್ಯಾಯ. ಸ್ಪ್ಯಾನಿಯಲ್ಲಿನ ಬೇಟೆಯ ರಕ್ತವು ಅದರಲ್ಲಿ ಪೂರ್ತಿ ಆರಿಲ್ಲವಾದುದರಿಂದ, ಹಾರುವ ಹಕ್ಕಿಯನ್ನು ಕಂಡು ವಾಹನಗಳ ಪರಿವೆಯಿಲ್ಲದೆ ರಸ್ತೆಗೆ ಧಾವಿಸುವುದುಂಟು. ದಿನಕ್ಕೆ ಒಂದು ತಾಸಿನ ತಿರುಗಾಟ ಬೇಕು, ಅದೂ ಪಟ್ಟಿ ಬಿಗಿದು. ಶಿಟ್ಸುವಾದರೋ ಪ್ರೀತಿಯುಳ್ಳದ್ದಾದರೂ ತನ್ನ ಗಾಂಭೀರ್ಯವನ್ನು ಬಿಡದು. ಅರ್ಧ ತಾಸಿನ ನಡಿಗೆಯಿಂದ ತೃಪ್ತಿಗೊಂಡು ಮಿಕ್ಕ ಹೊತ್ತನ್ನು ಮನೆಯೊಳಗೆ ನೆಮ್ಮದಿಯಿಂದ ಕಳೆಯುವುದು. ಆದರೆ ಹಟದ ಪ್ರಾಣಿ, ಮಲಮೂತ್ರದ ಶಿಸ್ತನ್ನು ಕಲಿಸಲು ತಾಳ್ಮೆ ಬೇಕು.

ಶಿಟ್ಸುವಿನ ಎರಡು ಪದರದ ನೀಳ ಕೂದಲು ಕಡಮೆ ಉದುರುತ್ತದೆ. ಆದರೆ ಪ್ರತಿದಿನ ಬಾಚದಿದ್ದರೆ ಗಂಟುಗಟ್ಟಿ ಚರ್ಮಕ್ಕೆ ಬಾಧೆಯಾಗುತ್ತದೆ. ಗಿಡ್ಡವಾಗಿ ಕತ್ತರಿಸಿಟ್ಟುಕೊಳ್ಳುವುದು ನಮ್ಮ ನಾಡಿನ ಹವೆಗೂ ಒಪ್ಪುವ ಉಪಾಯ. ಉಬ್ಬಿದ ಕಣ್ಣುಗಳಿಗೆ ಹುಣ್ಣಾಗುವ ಭಯವಿರುವುದರಿಂದ ಅವನ್ನು ದಿನವೂ ನೋಡಿ ಒರಸಬೇಕು. ಮೂತಿ ಮೊಟಕಾದುದರಿಂದ ಉಸಿರಾಟವು ಸರಾಗವಲ್ಲ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಂಥ ಊರುಗಳಲ್ಲಿ ಅದನ್ನು ಹಗಲಿನಲ್ಲಿ ಹೊರಗೆ ಕರೆದೊಯ್ಯುವುದು ಪ್ರಾಣಾಪಾಯಕ್ಕೆ ಎಡೆಗೊಡುವುದು.

ಕ್ಯಾವಲಿಯರಿನ ವ್ಯಥೆ ಇದಕ್ಕಿಂತ ಆಳವಾದುದು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವು ಕ್ರಮೇಣ ದಪ್ಪವಾಗಿ, ಪೂರ್ತಿ ಮುಚ್ಚಿಕೊಳ್ಳಲಾರದೆ, ರಕ್ತವು ಹಿಂದಕ್ಕೆ ಸೋರತೊಡಗುವ ರೋಗವು ಈ ತಳಿಯಲ್ಲಿ ಇತರ ನಾಯಿಗಳಿಗಿಂತ ಬೇಗನೆ ಕಾಣಿಸಿಕೊಳ್ಳುತ್ತದೆ. ಹತ್ತು ವರ್ಷ ದಾಟಿದವುಗಳಲ್ಲಿ ಇದಿಲ್ಲದವು ವಿರಳ. ವೈದ್ಯನ ಸ್ಟೆತೊಸ್ಕೋಪಿಗೆ ಮರ್ಮರ ಧ್ವನಿಯಾಗಿ ಮೊದಲು ಕೇಳಿಸುವ ಈ ದೋಷವು ಮುಂದೆ ಕೆಮ್ಮು, ಏದುಸಿರು, ನಿತ್ರಾಣಗಳಾಗಿ ಪ್ರಕಟವಾಗುತ್ತದೆ. ಹೃದಯವು ಹಿಗ್ಗಿದ ಹಂತದಲ್ಲಿಯೇ ಪಿಮೊಬೆಂಡನ್ ಎಂಬ ಔಷಧವನ್ನು ಆರಂಭಿಸಿದರೆ ಹೃದಯವೈಫಲ್ಯವನ್ನು ಸರಾಸರಿ 15 ತಿಂಗಳು ಮುಂದೂಡಬಹುದೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಗುಣಪಡಿಸುವ ಮದ್ದು ಅದಲ್ಲ. ಇದರೊಡನೆ, ತಲೆಬುರುಡೆಯು ಮೆದುಳಿಗೆ ಇಕ್ಕಟ್ಟಾಗುವುದರಿಂದ ಬೆನ್ನುಹುರಿಯಲ್ಲಿ ದ್ರವ ತುಂಬಿದ ಪೊಳ್ಳುಗಳುಂಟಾಗುವ ಸಿರಿಂಗೊಮೈಲಿಯ ಎಂಬ ವೇದನಾಕರ ವ್ಯಾಧಿಯೂ ಸೇರಿದೆ. ಇವುಗಳ ಕಾರಣದಿಂದಲೇ ನಾರ್ವೆಯ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ, ಕ್ಯಾವಲಿಯರ್‌ಗಳನ್ನು ಪರಸ್ಪರ ಕೂಡಿಸಿ ಸಂತಾನ ಪಡೆಯುವುದು ಪ್ರಾಣಿಕಲ್ಯಾಣದ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಪ್ರೀತಿಸಬಲ್ಲ ನಾಯಿಯನ್ನು ನೋವಿಗೆಂದೇ ಹುಟ್ಟಿಸುವುದು ಸಲ್ಲದೆಂಬ ಆ ನಿರ್ಣಯವನ್ನು ಅತಿರೇಕವೆನ್ನಲಾಗದು.

ಹೀಗಿರುವಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವ, ಬಾಚಣಿಗೆಗೆ ದಿನವೂ ಹೊತ್ತು ಕೊಡಬಲ್ಲ ಕುಟುಂಬಕ್ಕೆ ಶಿಟ್ಸುವೇ ಮೇಲೆಂದು ಹೇಳಬೇಕಾಗುತ್ತದೆ. ಮನೆಯಲ್ಲಿ ಸದಾ ಯಾರಾದರೊಬ್ಬರಿದ್ದು, ಒಡನಾಟವನ್ನೇ ಮುಖ್ಯವಾಗಿ ಬಯಸಿ, ಮುಪ್ಪಿನ ಚಿಕಿತ್ಸೆಯ ವೆಚ್ಚವನ್ನೂ ದುಃಖವನ್ನೂ ಹೊರಲು ಸಿದ್ಧರಾದವರು ಮಾತ್ರ ಕ್ಯಾವಲಿಯರನ್ನು ತರುವುದು ಉಚಿತ. ಅಂಥವರು ಮರಿಯ ತಂದೆತಾಯಿಗಳಿಗೆ ಎರಡೂವರೆ ವರ್ಷ ತುಂಬಿದ್ದು ಅವುಗಳ ಹೃದಯ ಪರೀಕ್ಷೆಯಾಗಿದೆಯೆ, ಅಜ್ಜ ಅಜ್ಜಿಯರು ಐದನೆಯ ವರ್ಷದಲ್ಲಿ ಮರ್ಮರವಿಲ್ಲದೆ ಇದ್ದುವೆ ಎಂಬುದನ್ನು ಲಿಖಿತ ದಾಖಲೆಯಿಂದ ತಿಳಿಯಬೇಕು. ಯಾವ ತಳಿಯಾದರೂ ತಾಯಿನಾಯಿಯನ್ನು ಅದು ಬಾಳುವ ಸ್ಥಳದಲ್ಲಿಯೇ ಕಣ್ಣಾರೆ ನೋಡಿದ ಮೇಲೆ ಮರಿಯನ್ನು ಕೊಳ್ಳತಕ್ಕದ್ದು. ಎಂಟು ವಾರ ತುಂಬದ ಮರಿಯ ಮಾರಾಟವನ್ನು ಭಾರತ ಸರ್ಕಾರದ 2017ರ ನಿಯಮಗಳು ನಿಷೇಧಿಸಿವೆ.