ಹುಲಿಯ ಹೆಜ್ಜೆ ಮತ್ತು ಕ್ಯಾಮರಾ: ಒಂದು ಐತಿಹಾಸಿಕ ಅವಲೋಕನ

ಕ್ಯಾಮರಾದ ಚಾಲನೆಯು ಮನುಷ್ಯನ ಬೆರಳಿನಿಂದ ಮೃಗದ ಹೆಜ್ಜೆಗೆ ದಾಟಿದುದು ವನ್ಯಜೀವಿಗಳ ಅಧ್ಯಯನದಲ್ಲಿ ಗಮನಾರ್ಹವಾದ ಘಟ್ಟ. 1878ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಎಂಬವರು ಓಟದ ಹಾದಿಗೆ ಅಡ್ಡಲಾಗಿ ದಾರಗಳನ್ನು ಬಿಗಿದು, ಓಡುವ ಕುದುರೆಯೇ 12 ಕ್ಯಾಮರಾಗಳನ್ನು ಒಂದೊಂದಾಗಿ ಚಾಲಿಸುವಂತೆ ಮಾಡಿದರು. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ನರು ಉತ್ತರ ಭಾರತದ ಕಾಡುಗಳಲ್ಲಿ ಹುಲಿಯ ಹಾದಿಗೆ ತಂತಿ ಕಟ್ಟಿದರು. ಹುಲಿ ಅದನ್ನು ತಾಕಿದೊಡನೆ ಬೆಳಕು ಹೊತ್ತಿ, ಇರುಳಿನಲ್ಲಿಯೂ ಚಿತ್ರವು ಮೂಡುತ್ತಿತ್ತು.

ಒಂದು ಹುಲಿಯ ಪಟ್ಟೆಗಳು ಇನ್ನೊಂದಕ್ಕಿಲ್ಲ. ಈ ಭೇದವನ್ನು ಆಧರಿಸಿ, ನಾಗರಹೊಳೆಯಲ್ಲಿ ಹೀಗೆ ದೊರೆತ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು. ಆದರೂ ದೇಶದ ಗಣತಿಯು ಹೆಜ್ಜೆಗುರುತನ್ನೇ ನಂಬಿತ್ತು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲವೆಂಬುದು ಬಯಲಾದ ಬಳಿಕವೇ ಆ ಪದ್ಧತಿ ಬದಲಾಯಿತು. ಹುಲಿಯೇ ಒದಗಿಸಿದ ಸಾಕ್ಷ್ಯವನ್ನು ಒಪ್ಪಲು ನಮಗೆ ಹತ್ತು ವರ್ಷಗಳು ಬೇಕಾದುವು.