ಹರಿದು ಹಾಕುವ ಮುನ್ನ

1987ನೆಯ ಇಸವಿ. ಎಂಟನೆಯ ತರಗತಿಯ ‘ಬಿ’ ವಿಭಾಗ, ಮಧ್ಯಾಹ್ನದ ಊಟದ ನಂತರದ ಮೊದಲ ಪೀರಿಯಡ್ಡು. ನಾನು ಕಪ್ಪು ಹಲಗೆಯ ಮೇಲೆ ವಿಜಯನಗರ ಸಾಮ್ರಾಜ್ಯದ ನಕ್ಷೆ ಬಿಡಿಸುತ್ತಿದ್ದೆ. ಹಿಂತಿರುಗಿ ನೋಡಿದರೆ ಕೊನೆಯ ಬೆಂಚಿನ ಹುಡುಗನೊಬ್ಬ ಸಮಾಜ ವಿಜ್ಞಾನದ ಪಠ್ಯಪುಸ್ತಕದಲ್ಲಿ ತನ್ಮಯನಾಗಿದ್ದ. ಪಾಠ ಹೇಳಿ ಅನುಭವವಿದ್ದವರಿಗೆ ಗೊತ್ತು, ಆ ಹೊತ್ತಿನಲ್ಲಿ ಅಂಥ ತನ್ಮಯತೆ ಅನುಮಾನಕ್ಕೆ ಆಸ್ಪದ ಕೊಡುವಂಥದ್ದು. ಹತ್ತಿರ ಹೋಗಿ ನೋಡಿದೆ. ಪಠ್ಯಪುಸ್ತಕದ ಒಳಗೆ ಫ್ಯಾಂಟಮ್ಮನ ಚಿತ್ರಕತೆಯ ಪುಸ್ತಕವಿತ್ತು. ಒಂದು ಪುಟವನ್ನೂ ಓದದೆ, ಇಡೀ ತರಗತಿಯ ಎದುರಿನಲ್ಲಿ ಅದನ್ನು ಎರಡು ತುಂಡಾಗಿ ಹರಿದು ಕಸದ ಬುಟ್ಟಿಗೆ ಹಾಕಿದೆ. ಆ ದಿನ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯೂ ನನಗಿತ್ತು.

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥ, ಅಮೆರಿಕದಲ್ಲಿ ನೆಲೆಸಿದ್ದಾನೆ. ಕಳೆದ ದೀಪಾವಳಿಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದ. ಕಾಲಿಗೆ ನಮಸ್ಕರಿಸಿ, ಚೀಲದಿಂದ ದಪ್ಪ ರಟ್ಟಿನ ಎರಡು ಪುಸ್ತಕಗಳನ್ನು ತೆಗೆದು ಮೇಜಿನ ಮೇಲಿಟ್ಟು ನಗುತ್ತಾ ಹೇಳಿದ: “ಸಾರ್, ಇದೂ ಕಾಮಿಕ್ಸೇ. ಆದರೆ ಹರಿದು ಹಾಕುವ ಮೊದಲು ಈ ಸಲ ಒಂದು ಸಾರಿ ಓದಿಬಿಡಿ.” ಕಾಫಿ ಕುಡಿಯುತ್ತಾ ಇನ್ನೊಂದು ಸಂಗತಿಯನ್ನೂ ಹೇಳಿದ. ಅಂದು ನಾನು ಹರಿದದ್ದು ಅವನ ಸ್ವಂತದ ಪುಸ್ತಕವಲ್ಲ, ಬಾಡಿಗೆಗೆ ತಂದದ್ದು. ಅಂಗಡಿಯವರಿಗೆ ಅದರ ಬೆಲೆ ತುಂಬಿಕೊಡಲು ಅವನು ಎರಡು ತಿಂಗಳು ಬಸ್ಸಿನ ದುಡ್ಡು ಉಳಿಸಿ ಶಾಲೆಗೆ ನಡೆದೇ ಬಂದಿದ್ದನಂತೆ. “ಹೋಗಲಿ ಬಿಡಿ ಸಾರ್, ಹಳೆಯ ಮಾತು” ಎಂದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿ ಅವನು ಕೊಟ್ಟ ಪುಸ್ತಕ ತೆರೆದೆ.

ಅವು ‘ಇ.ಸಿ. ಕಾಮಿಕ್ಸ್’ ಎಂಬ ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆ 1950ರ ದಶಕದಲ್ಲಿ ಹೊರತಂದ ಕತೆಗಳ ಮರುಮುದ್ರಣ. ಓದಿದ ಮೇಲೆ ಆ ಸಂಸ್ಥೆಯ ಇತಿಹಾಸವನ್ನೂ ಹುಡುಕಿ ಓದಿದೆ. ಅದನ್ನು ನಿಮಗೆ ಹೇಳಬೇಕೆನಿಸಿತು, ಏಕೆಂದರೆ ಅದರಲ್ಲಿ ನನ್ನಂಥ ಮೇಷ್ಟರುಗಳ ಪಾತ್ರವೂ ಇದೆ.

‘ಇ.ಸಿ.’ ಎಂಬ ಎರಡು ಅಕ್ಷರಗಳ ಮೂಲ ವಿಸ್ತರಣೆ ‘ಎಜುಕೇಶನಲ್ ಕಾಮಿಕ್ಸ್’. ಸ್ಥಾಪಿಸಿದವರು ಮ್ಯಾಕ್ಸ್‌ವೆಲ್ ಗೇನ್ಸ್, ಅಮೆರಿಕದಲ್ಲಿ ಕಾಮಿಕ್ ಪುಸ್ತಕವೆಂಬ ವಸ್ತುವೇ 1930ರ ದಶಕದಲ್ಲಿ ರೂಪುಗೊಂಡಾಗ ಮುಂಚೂಣಿಯಲ್ಲಿದ್ದವರು. ಬೈಬಲ್ಲಿನ ಕತೆಗಳು, ಅಮೆರಿಕದ ಇತಿಹಾಸ, ವಿಜ್ಞಾನ, ಇವುಗಳನ್ನು ಚಿತ್ರಗಳ ಮೂಲಕ ಮಕ್ಕಳಿಗೆ ಕಲಿಸಬೇಕೆಂಬುದು ಅವರ ಹಂಬಲ. 1947ರ ಆಗಸ್ಟಿನಲ್ಲಿ ಲೇಕ್ ಪ್ಲ್ಯಾಸಿಡ್ ಎಂಬಲ್ಲಿ ನಡೆದ ದೋಣಿ ಅಪಘಾತದಲ್ಲಿ ಅವರು ತೀರಿಕೊಂಡರು. ಸಂಸ್ಥೆಯ ಭಾರ ಮಗ ವಿಲಿಯಂ ಗೇನ್ಸರ ಹೆಗಲಿಗೆ ಬಿತ್ತು. ಆಗ ಅವರಿಗೆ ಇಪ್ಪತ್ತೈದು ವರ್ಷ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅವರು ಏನಾಗಬೇಕೆಂದಿದ್ದರು ಗೊತ್ತೇ? ರಸಾಯನಶಾಸ್ತ್ರದ ಮೇಷ್ಟರು! ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಎಳೆಯ ಗೇನ್ಸ್ ಆಲ್ ಫೆಲ್ಡ್‌ಸ್ಟೈನ್ ಎಂಬ ಚಿತ್ರಕಾರರನ್ನು 1948ರಲ್ಲಿ ಸೇರಿಸಿಕೊಂಡರು. ಮೊದಮೊದಲು ಇತರರು ಮಾಡಿದ್ದನ್ನೇ ಇವರೂ ಮಾಡಿದರು: ಕೌಬಾಯ್ ಕತೆ, ಪೊಲೀಸ್ ಕತೆ, ಪ್ರೇಮಕತೆ. ಒಂದು ಪತ್ರಿಕೆಯ ಹೆಸರಿನ ಇತಿಹಾಸವಂತೂ ತಮಾಷೆಯಾಗಿದೆ. ‘ಮೂನ್ ಗರ್ಲ್’ ಎಂಬ ವೀರವನಿತೆಯ ಪತ್ರಿಕೆ ‘ಮೂನ್ ಗರ್ಲ್ ಫೈಟ್ಸ್ ಕ್ರೈಮ್’ ಆಯಿತು. ಪ್ರೇಮಕತೆಗಳಿಗೆ ಬೇಡಿಕೆ ಬಂದೊಡನೆ ‘ಎ ಮೂನ್, ಎ ಗರ್ಲ್... ರೊಮಾನ್ಸ್’ ಆಯಿತು, ಕೊನೆಗೆ ಅದೇ ಸಂಚಿಕೆ ಸಂಖ್ಯೆಗಳನ್ನು ಮುಂದುವರಿಸಿ ‘ವಿಯರ್ಡ್ ಫ್ಯಾಂಟಸಿ’ ಎಂಬ ವೈಜ್ಞಾನಿಕ ಕತೆಗಳ ಪತ್ರಿಕೆಯಾಯಿತು. ಹೊಸ ಪತ್ರಿಕೆಯೆಂದರೆ ಅಂಚೆಯ ರಿಯಾಯಿತಿ ದರಕ್ಕಾಗಿ ಹೊಸದಾಗಿ ಶುಲ್ಕ ಕಟ್ಟಬೇಕಿತ್ತು. ಹಳೆಯದೇ ಹೆಸರು ಬದಲಿಸಿಕೊಂಡಿದೆ ಎಂದರೆ ಆ ಖರ್ಚು ಉಳಿಯುತ್ತಿತ್ತು.

1950ರಲ್ಲಿ ಗೇನ್ಸ್ ಮತ್ತು ಫೆಲ್ಡ್‌ಸ್ಟೈನ್ ಹೊಸ ಹಾದಿ ಹಿಡಿದರು. ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ದಿ ವಾಲ್ಟ್ ಆಫ್ ಹಾರರ್’, ‘ದಿ ಹಾಂಟ್ ಆಫ್ ಫಿಯರ್’ ಎಂಬ ಮೂರು ಭಯಾನಕ ಕತೆಗಳ ಪತ್ರಿಕೆಗಳು. ‘ವಿಯರ್ಡ್ ಸೈನ್ಸ್’ ಮತ್ತು ‘ವಿಯರ್ಡ್ ಫ್ಯಾಂಟಸಿ’ ಎಂಬ ವೈಜ್ಞಾನಿಕ ಪತ್ರಿಕೆಗಳು. ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’, 1952ರಿಂದ ‘ಶಾಕ್ ಸಸ್ಪೆನ್‌ಸ್ಟೋರೀಸ್’. ಬೆಲೆ ಹತ್ತು ಸೆಂಟ್. ‘ಇ’ ಎಂಬುದು ಈಗ ‘ಎಜುಕೇಶನಲ್’ ಅಲ್ಲ, ‘ಎಂಟರ್‌ಟೈನಿಂಗ್’ ಎಂದಾಗಿತ್ತು.

ಹಾರ್ವಿ ಕರ್ಟ್ಸ್‌ಮನ್ ಎಂಬ ಇನ್ನೊಬ್ಬ ಸಂಪಾದಕರು ‘ಟೂ-ಫಿಸ್ಟೆಡ್ ಟೇಲ್ಸ್’ ಮತ್ತು ‘ಫ್ರಂಟ್‌ಲೈನ್ ಕಾಂಬ್ಯಾಟ್’ ಎಂಬ ಯುದ್ಧಕತೆಗಳ ಪತ್ರಿಕೆಗಳನ್ನು ನಡೆಸಿದರು. ಅದು ಕೊರಿಯಾ ಯುದ್ಧದ ಕಾಲ. ಉಳಿದವರು ಶತ್ರುವನ್ನು ರಾಕ್ಷಸನಂತೆ ಚಿತ್ರಿಸುತ್ತಿದ್ದಾಗ, ಇವರ ಕತೆಯೊಂದರಲ್ಲಿ ಇಮ್ಜಿನ್ ನದಿಯಲ್ಲಿ ತೇಲುವ ಶತ್ರುಸೈನಿಕನ ಶವವೂ ಒಬ್ಬ ಮನುಷ್ಯನದೇ ಎಂದು ಓದುಗನಿಗೆ ಅನ್ನಿಸುತ್ತದೆ. ವಿವರಗಳು ನಿಖರವಾಗಿರಲೆಂದು ಜಲಾಂತರ್ಗಾಮಿಯ ಕತೆಗಾಗಿ ತಮ್ಮ ಸಹಾಯಕನನ್ನು ಜಲಾಂತರ್ಗಾಮಿಯೊಳಗೇ ಕಳುಹಿಸಿದ್ದರಂತೆ. ಇತಿಹಾಸದ ಪಾಠವನ್ನು ನಾನು ಅಷ್ಟು ಸಿದ್ಧತೆಯಿಂದ ಹೇಳಿದ್ದೇನೆಯೇ ಎಂದು ಕೇಳಿಕೊಂಡೆ. ಉತ್ತರ ಬರೆಯುವುದಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ ಕತೆ ಮಾತ್ರ ಬೇರೆಯದು. 1953ರ ‘ವಿಯರ್ಡ್ ಫ್ಯಾಂಟಸಿ’ಯ 18ನೆಯ ಸಂಚಿಕೆಯಲ್ಲಿ ಬಂದ ‘ಜಡ್ಜ್‌ಮೆಂಟ್ ಡೇ’. ಬರೆದವರು ಫೆಲ್ಡ್‌ಸ್ಟೈನ್, ಚಿತ್ರ ಜೋ ಒರ್ಲ್ಯಾಂಡೊ ಅವರದು. ಯಂತ್ರಮಾನವರೇ ವಾಸಿಸುವ ಗ್ರಹವೊಂದಕ್ಕೆ ಭೂಮಿಯಿಂದ ಗಗನಯಾತ್ರಿಯೊಬ್ಬ ಪರಿಶೀಲನೆಗೆ ಬರುತ್ತಾನೆ. ಆ ಗ್ರಹ ವಿಶ್ವದ ಗಣರಾಜ್ಯಕ್ಕೆ ಸೇರಲು ಯೋಗ್ಯವೇ ಎಂದು ಅವನು ತೀರ್ಮಾನಿಸಬೇಕು. ಅಲ್ಲಿ ಕಿತ್ತಳೆ ಬಣ್ಣದ ಮತ್ತು ನೀಲಿ ಬಣ್ಣದ ಯಂತ್ರಮಾನವರಿದ್ದಾರೆ. ಒಳಗಿನ ಯಂತ್ರ ಒಂದೇ, ಹೊರಗಿನ ಕವಚದ ಬಣ್ಣ ಮಾತ್ರ ಬೇರೆ. ಆದರೂ ನೀಲಿಯವರಿಗೆ ಬೇರೆ ಕೇರಿ, ಕೀಳು ಕೆಲಸ. ನೀವಿನ್ನೂ ಸಿದ್ಧರಾಗಿಲ್ಲ ಎಂದು ಹೇಳಿ ಗಗನಯಾತ್ರಿ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆದಾಗ ಕಾಣುವುದು ಒಬ್ಬ ಕಪ್ಪು ಮನುಷ್ಯನ ಮುಖ. ಅಮೆರಿಕದ ಹಲವು ರಾಜ್ಯಗಳಲ್ಲಿ ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರುವಂತಿರಲಿಲ್ಲ, ಅಂಥ ಕಾಲದಲ್ಲಿ ಬಂದ ಹತ್ತು ಸೆಂಟಿನ ಪುಸ್ತಕವಿದು. ಕೇರಿ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಬೇರೆ ಕೇರಿಯ ಅರ್ಥ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಮೇಷ್ಟರುಗಳ ಪಾತ್ರಕ್ಕೆ ಬರುತ್ತೇನೆ. ಇ.ಸಿ.ಯ ಭಯಾನಕ ಪತ್ರಿಕೆಗಳು ಹುಟ್ಟುವ ಮೊದಲೇ, 1948ರ ಅಕ್ಟೋಬರಿನಲ್ಲಿ, ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್ ಎಂಬ ಊರಿನ ಶಾಲಾ ಮಕ್ಕಳು ಕಾಮಿಕ್ ಪುಸ್ತಕಗಳನ್ನು ರಾಶಿ ಹಾಕಿ ಬೆಂಕಿಯಿಟ್ಟರು. ಹಿಂದೆ ನಿಂತು ಪ್ರೋತ್ಸಾಹಿಸಿದವರು ಶಿಕ್ಷಕರು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕ ಬರೆದು, ಕಾಮಿಕ್ಸ್ ಮಕ್ಕಳನ್ನು ಅಪರಾಧದತ್ತ ಎಳೆಯುತ್ತದೆ ಎಂದು ವಾದಿಸಿದರು.

ವರ್ಥಮ್ ದುಷ್ಟರಾಗಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ ಮಾನಸಿಕ ಚಿಕಿತ್ಸಾಲಯ ತೆರೆದವರು ಅವರು. ಪ್ರತ್ಯೇಕ ಶಾಲೆಗಳಿಂದ ಕಪ್ಪು ಮಕ್ಕಳ ಮನಸ್ಸಿಗಾಗುವ ಹಾನಿಯ ಬಗ್ಗೆ ಅವರು ಡೆಲವೇರ್‌ನ ನ್ಯಾಯಾಲಯದಲ್ಲಿ ಕೊಟ್ಟ ಸಾಕ್ಷ್ಯ, 1954ರ ಮೇ 17ರ ಪ್ರಸಿದ್ಧ ಬ್ರೌನ್ ತೀರ್ಪಿನತ್ತ ಸಾಗಿದ ಮೊಕದ್ದಮೆಗಳಲ್ಲಿ ಒಂದರ ಭಾಗ. ‘ಜಡ್ಜ್‌ಮೆಂಟ್ ಡೇ’ ಪ್ರಕಟಿಸಿದ ಗೇನ್ಸ್ ಮತ್ತು ವರ್ಥಮ್ ಒಂದೇ ಅನ್ಯಾಯದ ವಿರುದ್ಧ ನಿಂತವರು. ಆದರೆ ಅವರು ಎದುರುಬದುರಾದದ್ದು ವೈರಿಗಳಾಗಿ.

1954ರ ಏಪ್ರಿಲ್ 21ರಂದು, ಬಾಲಾಪರಾಧದ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಸೆನೆಟ್ ಉಪಸಮಿತಿಯ ಮುಂದೆ ನ್ಯೂಯಾರ್ಕಿನಲ್ಲಿ ಇಬ್ಬರೂ ಸಾಕ್ಷ್ಯ ನುಡಿದರು. ‘ಶಾಕ್ ಸಸ್ಪೆನ್‌ಸ್ಟೋರೀಸ್’ನ ಒಂದು ಕತೆಯಲ್ಲಿ ಜನಾಂಗ ನಿಂದನೆಯ ಪದವಿದೆ ಎಂದು ವರ್ಥಮ್ ಆಪಾದಿಸಿದರು. ಆ ಪದವಿದ್ದದ್ದು ನಿಜ. ಆದರೆ ಆ ಕತೆ ಬರೆದದ್ದೇ ಜನಾಂಗದ್ವೇಷದ ವಿರುದ್ಧ, ನಿಂದಿಸುವವನೇ ಅದರಲ್ಲಿ ಖಳ. ಪದ ಕಂಡಿತು, ಕತೆ ಕಾಣಲಿಲ್ಲ.

ಗೇನ್ಸರೂ ಅಂದು ಎಡವಿದರು. ಸುರುಚಿಯೊಂದೇ ತಮಗಿರುವ ಮಿತಿ ಎಂದು ಅವರು ಹೇಳಿದಾಗ, ಸೆನೆಟರ್ ಕೆಫಾವರ್ ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’ನ 22ನೆಯ ಸಂಚಿಕೆಯ ಮುಖಪುಟ ಎತ್ತಿ ತೋರಿಸಿದರು. ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಹೆಂಗಸಿನ ಕಡಿದ ತಲೆ. ಇದು ಸುರುಚಿಯೇ ಎಂಬ ಪ್ರಶ್ನೆಗೆ, ಭಯಾನಕ ಪತ್ರಿಕೆಯ ಮಟ್ಟಿಗೆ ಹೌದು ಎಂದರು ಗೇನ್ಸ್. ಮರುದಿನ ಅದು ನ್ಯೂಯಾರ್ಕ್ ಟೈಮ್ಸಿನ ಮುಖಪುಟದಲ್ಲಿತ್ತು. ಆ ಮುಖಪುಟವನ್ನು ನಾನೂ ನೋಡಿದೆ. ಹತ್ತು ವರ್ಷದ ಮಗುವಿನ ಕೈಗೆ ಖಂಡಿತ ಕೊಡಲಾರೆ. ಸತ್ತವನ ಕರುಳನ್ನು ಬೇಸ್‌ಬಾಲ್ ಮೈದಾನದ ಗೆರೆಗಳಾಗಿ ಹಾಸಿರುವ ಕತೆಯೂ ಇವರದೇ. ಆ ಪುಟವನ್ನು ಬೇಗ ಮಗುಚಿದೆ. ಪೋಷಕರ ಆತಂಕ ಸುಳ್ಳಾಗಿರಲಿಲ್ಲ. ಆದರೆ ಅದಕ್ಕೆ ಅವರು ಕಂಡುಕೊಂಡ ಮದ್ದು, ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಕೊಂದಿತು.

ಉಳಿದ ಪ್ರಕಾಶಕರು ಅದೇ ವರ್ಷ ಒಂದುಗೂಡಿ ‘ಕಾಮಿಕ್ಸ್ ಕೋಡ್’ ಎಂಬ ಸ್ವಯಂ ನಿಯಂತ್ರಣ ಸಂಹಿತೆ ರಚಿಸಿದರು. ‘ಹಾರರ್’, ‘ಟೆರರ್’ ಎಂಬ ಪದಗಳನ್ನು ಶೀರ್ಷಿಕೆಯಲ್ಲಿ ಬಳಸುವಂತಿಲ್ಲ ಎಂದರು. ಗೇನ್ಸ್ ಭಯಾನಕ ಮತ್ತು ಅಪರಾಧ ಪತ್ರಿಕೆಗಳನ್ನು ನಿಲ್ಲಿಸಿದರು. 1955ರಲ್ಲಿ ‘ಇಂಪ್ಯಾಕ್ಟ್’, ‘ವ್ಯಾಲರ್’, ‘ಏಸಸ್ ಹೈ’, ‘ಎಂ.ಡಿ.’, ‘ಸೈಕೋಅನಾಲಿಸಿಸ್’ ಮುಂತಾದ ಸೌಮ್ಯ ಶೀರ್ಷಿಕೆಗಳನ್ನು ತಂದರು. ‘ಇಂಪ್ಯಾಕ್ಟ್’ನ ಮೊದಲ ಸಂಚಿಕೆಯಲ್ಲಿ ನಾಜಿ ಶಿಬಿರಗಳ ನೆನಪು ಬೆನ್ನಟ್ಟುವ ‘ಮಾಸ್ಟರ್ ರೇಸ್’ ಎಂಬ ಎಂಟು ಪುಟಗಳ ಅಪೂರ್ವ ಕತೆಯಿದೆ, ಬರ್ನಾರ್ಡ್ ಕ್ರಿಗ್‌ಸ್ಟೈನ್ ಚಿತ್ರಿಸಿದ್ದು. ಆದರೂ ಆ ಪತ್ರಿಕೆಗಳು ಹೆಚ್ಚು ಕಾಲ ನಡೆಯಲಿಲ್ಲ.

ಕೊನೆಯ ಘಟನೆ ಕೇಳಿ. ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ನ 33ನೆಯ ಸಂಚಿಕೆಯ ಒಂದು ಕತೆಯನ್ನು ಕೋಡ್‌ನವರು ತಿರಸ್ಕರಿಸಿದಾಗ, ಆ ಜಾಗಕ್ಕೆ ‘ಜಡ್ಜ್‌ಮೆಂಟ್ ಡೇ’ಯನ್ನು ಮರುಮುದ್ರಿಸಲು ಕೊಟ್ಟರು. ಗಗನಯಾತ್ರಿ ಕಪ್ಪಗಿರಬಾರದು ಎಂಬ ಆಕ್ಷೇಪಣೆ ಬಂತು. ಅವನು ಕಪ್ಪಗಿಲ್ಲದಿದ್ದರೆ ಆ ಕತೆಗೆ ಅರ್ಥವೇ ಇಲ್ಲ. ಗೇನ್ಸ್ ಮತ್ತು ಫೆಲ್ಡ್‌ಸ್ಟೈನ್ ಬಗ್ಗಲಿಲ್ಲ, ಒಂದು ಗೆರೆಯನ್ನೂ ಬದಲಿಸದೆ ಮುದ್ರಿಸಿದರು. 1956ರ ಫೆಬ್ರವರಿಯ ಆ ಸಂಚಿಕೆಯೇ ಇ.ಸಿ.ಯ ಕೊನೆಯ ಕಾಮಿಕ್ ಪುಸ್ತಕವಾಯಿತು.

ಉಳಿದದ್ದು ಒಂದೇ, ಕರ್ಟ್ಸ್‌ಮನ್ 1952ರಲ್ಲಿ ಆರಂಭಿಸಿದ್ದ ‘ಮ್ಯಾಡ್’. 1955ರಲ್ಲಿ ಅದು ದೊಡ್ಡ ಗಾತ್ರದ ನಿಯತಕಾಲಿಕವಾಗಿ ಕೋಡ್‌ನ ವ್ಯಾಪ್ತಿಯಿಂದ ಹೊರಬಂತು. 1970ರ ದಶಕದ ಆರಂಭದಲ್ಲಿ ಅದರ ಪ್ರಸಾರ 20 ಲಕ್ಷ ದಾಟಿತ್ತು. ಗೇನ್ಸ್ 1992ರಲ್ಲಿ ತೀರಿಕೊಳ್ಳುವವರೆಗೂ ಅದರ ಪ್ರಕಾಶಕರಾಗಿದ್ದರು.

ಆ ಬಿರುಗಾಳಿ ನಮ್ಮ ದೇಶವನ್ನೂ ಮುಟ್ಟಿತ್ತು. ಅಮೆರಿಕದ ಭಯಾನಕ ಕಾಮಿಕ್ಸಿಗೆ ಹೆದರಿ ಬ್ರಿಟನ್ 1955ರಲ್ಲಿ ಕಾನೂನು ಮಾಡಿತು. ಅದರ ಮರುವರ್ಷವೇ ನಮ್ಮ ಸಂಸತ್ತು ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ 1956ರ ಕಾಯಿದೆಯನ್ನು ಅಂಗೀಕರಿಸಿತು. ನಾನು ಅಂದು ಆ ಪುಸ್ತಕ ಹರಿದಾಗ ಈ ಕಾಯಿದೆಯ ಹೆಸರೂ ನನಗೆ ತಿಳಿದಿರಲಿಲ್ಲ. ಆದರೆ ಅದರ ಹಿಂದಿದ್ದ ಭಯ ನನ್ನಲ್ಲೂ ಇತ್ತು.

ವರ್ಥಮ್‌ರ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ಮುಕ್ತವಾದವು. ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸರು ಅವನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಕ್ಕಳ ಹೇಳಿಕೆಗಳನ್ನು ವರ್ಥಮ್ ತಿದ್ದಿದ್ದರು, ಬೆರೆಸಿದ್ದರು, ತಮ್ಮ ವಾದಕ್ಕೆ ಒಗ್ಗದ್ದನ್ನು ಬಿಟ್ಟಿದ್ದರು ಎಂದು ತೋರಿಸಿದರು. ಸದುದ್ದೇಶವಿದ್ದವರೂ ಸಾಕ್ಷ್ಯವನ್ನು ತಮಗೆ ಬೇಕಾದಂತೆ ಬಗ್ಗಿಸಬಲ್ಲರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದನ್ನು ನಾನೇ ನಿಮಗೆ ಎಷ್ಟು ಸಲ ಬೋರ್ಡಿನ ಮೇಲೆ ಬರೆಸಿಲ್ಲ! ನಾನಂತೂ ಅಂದು ಮುಖಪುಟವನ್ನು ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ.

ಮೊನ್ನೆ ಆ ಶಿಷ್ಯನಿಗೆ ಫೋನ್ ಮಾಡಿ, ಪುಸ್ತಕ ಪೂರ್ತಿ ಓದಿದೆನೆಂದೂ, ಯಾವ ಪುಟವೂ ಹರಿದಿಲ್ಲವೆಂದೂ ತಿಳಿಸಿದೆ. ಹಳೆಯ ಬಾಕಿ ಎಷ್ಟು ಕೊಡಬೇಕಪ್ಪಾ ಎಂದು ಕೇಳಿದೆ. ಅವನು ನಕ್ಕು, “ಬಾಕಿ ಏನಿಲ್ಲ ಸಾರ್. ಅಂದು ಆ ಕತೆ ಅರ್ಧ ಓದಿದ್ದೆ. ಕೊನೆಗೆ ಏನಾಯಿತು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ” ಎಂದ.

ಆ ಸಂಚಿಕೆ ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಇರಬಹುದು. ಸಿಕ್ಕರೆ ದಯವಿಟ್ಟು ತಿಳಿಸಿ. ಬೆಲೆ ಎಷ್ಟಾದರೂ ಕೊಡುತ್ತೇನೆ. ಈ ಸಲ ಮೊದಲು ನಾನು ಓದಿ, ಆಮೇಲೆ ಅವನಿಗೆ ಕಳುಹಿಸುತ್ತೇನೆ.