ಗೌಹರ್ ಜಾನ್

ಗೌಹರ್ ಜಾನ್ (೨೬ ಜೂನ್ ೧೮೭೩ – ೧೭ ಜನವರಿ ೧೯೩೦) ಹಿಂದೂಸ್ಥಾನಿ ಸಂಗೀತದ ಪ್ರಸಿದ್ಧ ಗಾಯಕಿ ಹಾಗೂ ನರ್ತಕಿ. ಠುಮ್ರಿ, ದಾದ್ರಾ, ಕಜ್ರಿ, ಗಜಲ್ ಮೊದಲಾದ ಶೃಂಗಾರಪ್ರಧಾನ ಪ್ರಕಾರಗಳನ್ನು ಅಭಿನಯದೊಡನೆ ಹಾಡುವುದರಲ್ಲಿ ಇವರು ಹೆಸರಾಗಿದ್ದರು. ಭಾರತದಲ್ಲಿ ಗ್ರಾಮಫೋನ್ ಮುದ್ರಿಕೆಗಳಿಗೆ ಹಾಡಿದ ಮೊದಲಿಗರಲ್ಲಿ ಇವರೂ ಒಬ್ಬರು. ಬದುಕಿನ ಕೊನೆಯ ಸುಮಾರು ಒಂದೂವರೆ ವರ್ಷ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿದ್ದು, ಮೈಸೂರಿನಲ್ಲಿಯೇ ನಿಧನರಾದರು.

ಜನನ ಮತ್ತು ಬಾಲ್ಯ

ಇವರು ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಜನಿಸಿದರು. ಹುಟ್ಟಿದಾಗ ಇಟ್ಟ ಹೆಸರು ಏಂಜಲೀನಾ ಯೋವರ್ಡ್. ತಂದೆ ಆರ್ಮೇನಿಯನ್ ಮೂಲದವರು. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್ ಭಾರತದಲ್ಲಿಯೇ ಹುಟ್ಟಿ ಬೆಳೆದವರು, ಸಂಗೀತ ಬಲ್ಲವರು. ೧೮೭೯ರಲ್ಲಿ ತಂದೆತಾಯಿಯರು ಬೇರೆಯಾದರು. ಮಗಳೊಡನೆ ಬನಾರಸಿಗೆ ಬಂದ ತಾಯಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲ್ಕಾ ಜಾನ್ ಎಂಬ ಹೆಸರು ಪಡೆದರು. ಮಗಳು ಗೌಹರ್ ಜಾನ್ ಆದಳು. ಮಲ್ಕಾ ಜಾನ್ ಗಾಯಕಿಯಾಗಿಯೂ ಉರ್ದು ಕವಯಿತ್ರಿಯಾಗಿಯೂ ಕೀರ್ತಿ ಗಳಿಸಿದರು. ೧೮೮೩ರಲ್ಲಿ ತಾಯಿ-ಮಗಳು ಕಲ್ಕತ್ತೆಗೆ ಬಂದು ನೆಲೆಸಿದರು. ಪದಚ್ಯುತನಾದ ಅವಧದ ನವಾಬ ವಾಜಿದ್ ಅಲಿ ಷಾ ಅಲ್ಲಿಯ ಮಟಿಯಾಬುರ್ಜಿನಲ್ಲಿ ಆಸ್ಥಾನ ಕಟ್ಟಿಕೊಂಡಿದ್ದುದರಿಂದ, ಠುಮ್ರಿ ಮತ್ತು ಕಥಕ್ ಬಲ್ಲ ಕಲಾವಿದರಿಗೆ ಆ ನಗರ ಆಶ್ರಯವಾಗಿತ್ತು. ಲಖ್ನೋ ಪರಂಪರೆಯ ಬಿಂದಾದೀನ್ ಮಹಾರಾಜರಿಂದ ಗೌಹರ್ ಕಥಕ್ ಕಲಿತರು. ೧೮೮೭ರಲ್ಲಿ ದರ್ಭಾಂಗದ ಆಸ್ಥಾನದಲ್ಲಿ ಮೊದಲ ಕಚೇರಿ ನೀಡಿದರು. 'ಹಮ್‌ದಮ್' ಎಂಬ ಕಾವ್ಯನಾಮದಿಂದ ಸ್ವತಃ ರಚನೆಗಳನ್ನೂ ಮಾಡಿದ್ದಾರೆ.

ಗಾಯನ ಮತ್ತು ಅಭಿನಯ

ಠುಮ್ರಿಯ ಸಾಹಿತ್ಯ ಬಹು ಚಿಕ್ಕದು. ಅದರ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ, ಪ್ರತಿ ಸಲವೂ ಬೇರೆ ಭಾವ ಹೊಮ್ಮಿಸುವುದೇ ಅದರ ಸೊಗಸು. ನಾಯಕನನ್ನು ಕೆಣಕುವುದು, ಹುಸಿಮುನಿಸು, ಛೇಡಿಸುವಿಕೆ, ವಿರಹ ಇವೆಲ್ಲವೂ ಸ್ವರದ ಬಳುಕಿನಲ್ಲಿ ಮಾತ್ರವಲ್ಲದೆ ಕಣ್ಣೋಟ, ಹುಬ್ಬಿನ ಚಲನೆ ಮತ್ತು ಕೈಮುದ್ರೆಗಳಲ್ಲಿಯೂ ವ್ಯಕ್ತವಾಗುತ್ತವೆ. ಕಥಕ್ ಪರಿಭಾಷೆಯಲ್ಲಿ ಇದಕ್ಕೆ 'ಭಾವ್ ಬತಾನಾ' ಎನ್ನುತ್ತಾರೆ. ಮೆಹಫಿಲಿನಲ್ಲಿ ಕೇಳುಗರು ಗಾಯಕಿಯ ಸುತ್ತ ಹತ್ತಿರದಲ್ಲಿಯೇ ಕುಳಿತಿರುತ್ತಿದ್ದುದರಿಂದ ಈ ಸೂಕ್ಷ್ಮ ಅಭಿನಯ ಸಾಧ್ಯವಾಗುತ್ತಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಮುಂದೆ ಕ್ಯಾಬರೆ ಗಾಯಕಿಯರು ಸಣ್ಣ ಸಭೆಯೊಡನೆ ಬೆಳೆಸಿಕೊಂಡ ಸಲುಗೆಯನ್ನು ಇದಕ್ಕೆ ಹೋಲಿಸಬಹುದು. ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದುದು ಜಾವಳಿ ಮತ್ತು ಪದಗಳ ಅಭಿನಯ. ಮೈಸೂರಿನ ಜಟ್ಟಿ ತಾಯಮ್ಮ ಅದರಲ್ಲಿ ಅದ್ವಿತೀಯರೆನಿಸಿದ್ದರು.

ಉಡುಗೆ ತೊಡುಗೆಯೂ ಗೌಹರ್ ಅವರ ಪ್ರದರ್ಶನದ ಅಂಗವಾಗಿತ್ತು. ಧ್ವನಿಮುದ್ರಣಕ್ಕೆ ಬರುವಾಗಲೂ ಅವರು ಒಮ್ಮೆ ತೊಟ್ಟ ಆಭರಣಗಳನ್ನು ಮತ್ತೊಮ್ಮೆ ತೊಡುತ್ತಿರಲಿಲ್ಲವೆಂದು ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ನೆನಪಿಸಿಕೊಂಡಿದ್ದಾರೆ. ಅವರ ಭಾವಚಿತ್ರ ಅಂಚೆ ಕಾರ್ಡುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಅಚ್ಚಾಗಿ ಮಾರಾಟವಾಗುತ್ತಿತ್ತು. ೧೯೧೦ರಲ್ಲಿ ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಹಾಡಿದರು. ೧೯೧೧ರ ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯ ಮುಂದೆ ಅಲಹಾಬಾದಿನ ಜಾನಕೀಬಾಯಿಯವರೊಡನೆ ಹಾಡಿದರು.

ಧ್ವನಿಮುದ್ರಿಕೆಗಳು

೧೯೦೨ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಇವರ ಹಾಡುಗಳನ್ನು ಮುದ್ರಿಸಿಕೊಂಡರು. ಭಾರತದ ಮೊದಲ ಧ್ವನಿಮುದ್ರಿಕೆ ಇವರದೇ ಎಂಬ ಮಾತು ಪ್ರಚಾರದಲ್ಲಿದೆ. ಆದರೆ ಅದೇ ತಂಡ ಅದಕ್ಕೆ ಕೆಲವು ದಿನ ಮೊದಲು ಬಂಗಾಳಿ ರಂಗಭೂಮಿಯ ಶಶಿಮುಖಿ ಮತ್ತು ಫಣಿಬಾಲಾ ಅವರ ಹಾಡುಗಳನ್ನು ಮುದ್ರಿಸಿಕೊಂಡಿತ್ತು. ಮುದ್ರಿಕೆಯೊಂದರ ಅವಧಿ ಸುಮಾರು ಮೂರು ನಿಮಿಷ ಮಾತ್ರ. ಗಂಟೆಗಟ್ಟಲೆ ಬೆಳೆಸುತ್ತಿದ್ದ ರಾಗವನ್ನು ಅಷ್ಟರೊಳಗೆ ಅಡಕವಾಗಿ ನಿರೂಪಿಸುವ ಕ್ರಮವನ್ನು ಗೌಹರ್ ರೂಢಿಸಿಕೊಂಡರು. ಸುಮಾರು ೧೯೨೦ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಇವರ ಸುಮಾರು ೬೦೦ ಮುದ್ರಿಕೆಗಳು ಹೊರಬಂದವು.

ಹಾಡಿನ ಕೊನೆಯಲ್ಲಿ ಇವರು 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಘೋಷಿಸುವುದು ಕೇಳಿಬರುತ್ತದೆ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಭಾಷೆ ತಿಳಿಯದ ಅಲ್ಲಿಯ ಕೆಲಸಗಾರರು ಹಾಡಿದವರ ಹೆಸರನ್ನು ಗುರುತಿಸಿ ಚೀಟಿ ಅಂಟಿಸಲು ಈ ಘೋಷಣೆ ನೆರವಾಗುತ್ತಿತ್ತು. ಮೆಹಫಿಲಿನ ಕಣ್ಣೋಟವಾಗಲಿ ಕೈಮುದ್ರೆಯಾಗಲಿ ಮುದ್ರಿಕೆಗೆ ಇಳಿಯಲಿಲ್ಲ. ಆದರೆ ಸಿರಿವಂತರ ಮನೆಗಳ ಒಳಗೆ ಪ್ರವೇಶವಿಲ್ಲದ ಸಾಮಾನ್ಯರಿಗೆ ಆ ಧ್ವನಿ ತಲಪಿತು. ಗಾಯಕಿಯರನ್ನು ಮೆಚ್ಚಿಯೂ ಅವರ ವೃತ್ತಿಯನ್ನು ಹೀನವೆಂದು ಕಾಣುತ್ತಿದ್ದ ಕಾಲದಲ್ಲಿ, ಹಾಡಿದಾಕೆಯ ಹೆಸರು ಆಕೆಯ ಬಾಯಿಂದಲೇ ಮನೆಮನೆಗಳಲ್ಲಿ ಕೇಳಿಸಿತು.

ಮೈಸೂರಿನ ದಿನಗಳು

ವ್ಯಾಜ್ಯಗಳಿಂದಲೂ ವೈಯಕ್ತಿಕ ಜೀವನದ ಆಘಾತಗಳಿಂದಲೂ ಗೌಹರ್ ಅವರ ಸಂಪತ್ತು ಕರಗಿತು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೨೮ರ ಆಗಸ್ಟ್ ೧ರಂದು ಇವರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. ತಿಂಗಳಿಗೆ ೫೦೦ ರೂಪಾಯಿ ವೇತನ ಗೊತ್ತಾಯಿತು. ಕರ್ನಾಟಕ ಸಂಗೀತದ ನೆಲೆಯಾಗಿದ್ದ ಮೈಸೂರು ಹಿಂದೂಸ್ಥಾನಿ ಕಲಾವಿದರಿಗೂ ಮನ್ನಣೆ ನೀಡುತ್ತಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನ್ ಇವರಿಗಿಂತ ಮೊದಲೇ ಇಲ್ಲಿ ಆಶ್ರಯ ಪಡೆದಿದ್ದರು.

ಇದೇ ಸಂಸ್ಥಾನ ೧೯೦೯ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಶೃಂಗಾರವನ್ನು ಹಾಡಿ ಅಭಿನಯಿಸುವ ಕಲಾವಿದೆಯರಿಗೆ ದೇವಾಲಯದ ಆಶ್ರಯ ತಪ್ಪಿದ್ದ ಕಾಲದಲ್ಲಿ ಉತ್ತರದ ಒಬ್ಬ ಠುಮ್ರಿ ಗಾಯಕಿಗೆ ಅರಮನೆಯಲ್ಲಿ ಸ್ಥಾನ ದೊರೆತದ್ದು ಗಮನಾರ್ಹ. ಆದರೆ ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. ಗೌಹರ್ ೧೯೩೦ರ ಜನವರಿ ೧೭ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ ೫೬ ವರ್ಷ.

ಸ್ಮರಣೆ

ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ೨೦೧೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಇವರ ಜೀವನಚರಿತ್ರೆಗೆ, ಮುದ್ರಿಕೆಗಳ ಕೊನೆಯ ಆ ಘೋಷಣೆಯೇ ಶೀರ್ಷಿಕೆಯಾಗಿದೆ. ಬೆಂಗಳೂರಿನವರೇ ಆದ ನಾಟಕಕಾರ ಮಹೇಶ ದತ್ತಾನಿ ಇವರ ಬದುಕನ್ನು ಆಧರಿಸಿ 'ಗೌಹರ್' ನಾಟಕವನ್ನು ರಚಿಸಿದ್ದಾರೆ. ೨೦೧೮ರ ಜೂನ್ ೨೬ರಂದು, ಇವರ ೧೪೫ನೆಯ ಜನ್ಮದಿನದ ನೆನಪಿಗಾಗಿ, ಗೂಗಲ್ ತನ್ನ ಮುಖಪುಟದಲ್ಲಿ ಇವರ ಚಿತ್ರವನ್ನು ಪ್ರಕಟಿಸಿತು.